ಮದ್ದು ಬಿಡುವ ದಿನ ಎಂಜಿನ್ ಮುನಿದರೆ

ಮಳೆಗಾಲಕ್ಕೆ ಮೊದಲು ಅಡಿಕೆಗೆ ಬೋರ್ಡೋ ಮದ್ದು ಬಿಡುವ ಗಡಿಬಿಡಿ ನಮ್ಮ ಕಾಸರಗೋಡಿನ ತೋಟದ ಮನೆಗಳಿಗೆ ಹೊಸತಲ್ಲ. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತು. ಅದಕ್ಕೆ ಎರಡು ದಿನ ಮೊದಲು ಮರ ಹತ್ತುವವರು ನಮ್ಮಲ್ಲಿಗೆ ಬಂದಿದ್ದರು. ಮೈಲುತುತ್ತು, ಸುಣ್ಣ ಕಲಸಿ ಆಗಿತ್ತು. ಸ್ಪ್ರೇಯರಿನ ಪೆಟ್ರೋಲ್ ಎಂಜಿನ್ ಮಾತ್ರ ಏಳಲಿಲ್ಲ. ಹಗ್ಗ ಎಳೆದೆಳೆದು ನಮ್ಮ ರಟ್ಟೆ ಸೋತಿತು. ಮಧ್ಯಾಹ್ನಕ್ಕೆ ಮಳೆ ಸುರಿಯಿತು. "ಪೊರ್ಬುಗಳೇ, ಎಂಜಿನಿಗಿಂತ ಮೊದಲು ಮಳೆಯೇ ಸ್ಟಾರ್ಟ್ ಆಯ್ತಲ್ಲ" ಎನ್ನುತ್ತಾ ಅವರು ತಳೆ, ಹಗ್ಗ ಸುತ್ತಿಕೊಂಡು ಹೊರಟರು. ಕಲಸಿದ ದಿನವೇ ಮುಗಿಸಬೇಕಾದ ಮದ್ದು ವ್ಯರ್ಥವಾಯಿತು. ಆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಉದುರಿದ ಕಾಯಿ ಹೆಕ್ಕುವಾಗಲೆಲ್ಲ ಆ ದಿನವೇ ನೆನಪಾಗುತ್ತಿತ್ತು.

ತಪ್ಪು ನಮ್ಮದೇ. ಹಿಂದಿನ ಆಗಸ್ಟಿನಲ್ಲಿ ಮದ್ದು ಬಿಟ್ಟು ಮುಗಿಸಿ, ಉಳಿದ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟಿದ್ದೆವು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಹಲಸಿನ ಮೇಣದಂತೆ ಅಂಟಾಗುತ್ತದೆ. ಕಾರ್ಬ್ಯುರೇಟರಿನೊಳಗೆ ಜೆಟ್ ಎಂಬ ಹಿತ್ತಾಳೆಯ ಚಿಕ್ಕ ತುಂಡಿದೆ. ಅದರ ತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಕಟ್ಟಿಹೋಗಲು ಚಿಟಿಕೆ ಅಂಟು ಸಾಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಅದು ನಮ್ಮೂರಿನ ಮಳೆಗಾಲದ ತೇವವನ್ನು ಹೀರಿಕೊಳ್ಳುವುದರಿಂದ ಒಳಗೆ ತುಕ್ಕೂ ಹಿಡಿಯಬಹುದು.

ಎಂಜಿನ್ ಏಳದಿದ್ದರೆ ಹೀಗೆ ಒಂದೊಂದಾಗಿ ನೋಡಿ.

1. ಹಳೆಯ ಪೆಟ್ರೋಲ್ ತೆಗೆದು ಹೊಸತು ಹಾಕಿ. ಏರ್ ಫಿಲ್ಟರಿನ ಧೂಳು ಕೊಡವಿ. ಟ್ಯಾಂಕಿನ ಮುಚ್ಚಳ ತುಸು ಸಡಿಲಿಸಿದಾಗ ಎಂಜಿನ್ ಸರಿಯಾಗಿ ಓಡಿದರೆ, ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ.

2. ಹತ್ತು ಸಲ ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಹಾರುತ್ತಿಲ್ಲ.

3. ಚೋಕ್ ಹಾಕಿದಾಗ ಓಡಿ, ತೆಗೆದೊಡನೆ ನಿಂತರೆ ಹೆಚ್ಚಾಗಿ ಜೆಟ್ ಅರ್ಧ ಕಟ್ಟಿರುತ್ತದೆ. ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಸೋರುತ್ತಿದ್ದರೆ ಫ್ಲೋಟಿನ ಸೂಜಿ ಅಂಟಿಕೊಂಡಿರಬಹುದು.

ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಎಂಜಿನ್ ತಣಿಯಲಿ. ಪ್ಲಗ್ಗಿನ ಟೋಪಿ ತೆಗೆದು, ಪೆಟ್ರೋಲ್ ಕಾಕ್ ಮುಚ್ಚಿ. ಕೆಲಸ ಅಂಗಳದಲ್ಲೇ ಆಗಲಿ. ಒಲೆ, ಬೀಡಿ ಹತ್ತಿರ ಬೇಡ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ತಲೆಬಿಸಿಯಿಲ್ಲ. ಸ್ಪ್ರೇಯರ್, ಪಂಪುಗಳ ಫೋರ್ ಸ್ಟ್ರೋಕ್ ಎಂಜಿನುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಒಂದು ಬೋಲ್ಟ್ ತೆಗೆದರೆ ಬಟ್ಟಲು ಕಳಚುತ್ತದೆ. ನಮ್ಮ ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕದಂತೆ ಕಂದು ಪದರ ಕೂತಿತ್ತು. ಜೆಟ್ಟನ್ನು ಹೊರತೆಗೆದು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಕಣ್ಣಿಗೆ ಕನ್ನಡಕವಿರಲಿ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಸೂಜಿ, ಉಕ್ಕಿನ ತಂತಿ ತೂರಿಸಬೇಡಿ. ತೂತು ದೊಡ್ಡದಾದರೆ ಜೆಟ್ಟೇ ಕೆಟ್ಟಂತೆ. ವಯರಿನ ಒಂದೆಳೆ ತಾಮ್ರದ ತಂತಿ ಸಾಕು.

ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಯಂತ್ರದ ಕಥೆ ಬೇರೆ. ಅದರಲ್ಲಿ ಬಟ್ಟಲಿನ ಬದಲು ತೆಳುವಾದ ಪೊರೆ ಇರುತ್ತದೆ. ಅದು ಗಟ್ಟಿಯಾಗಿದ್ದರೆ ತೊಳೆದು ಫಲವಿಲ್ಲ, ಬದಲಿಸಬೇಕು. ಸ್ಪ್ರೇ ಪೊರೆಗೆ ತಾಗಿದರೆ ಹಾಳಾಗುತ್ತದೆ. ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕರಿಗೆ ಒಪ್ಪಿಸುವುದೇ ಲೇಸು. ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ಕ್ಯಾನಿನ ಮೇಲೆ ತಾರೀಕು ಬರೆದಿಡಿ.

ಅಂದು ಸಂಜೆ ಜೆಟ್ ತೊಳೆದು ಜೋಡಿಸಿದಾಗ ಎಂಜಿನ್ ಎರಡನೇ ಎಳೆತಕ್ಕೇ ಎದ್ದಿತು. ಆದರೆ ಹೊರಗೆ ಮಳೆ! ಮತ್ತೆ ಬಿಸಿಲು ಕಂಡು, ಜನ ಸಿಕ್ಕಿ, ಮದ್ದು ಬಿಡುವಷ್ಟರಲ್ಲಿ ತಡವಾಗಿತ್ತು.

ಈಗ ನಮ್ಮಲ್ಲಿ ಒಂದು ಕ್ರಮವಿದೆ. ಕೊನೆಯ ಮದ್ದು ಬಿಟ್ಟ ಸಂಜೆಯೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಡುತ್ತೇವೆ. ಜನ ಬರುವ ವಾರದ ಮೊದಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತೇವೆ. ನೀವೂ ಹೀಗೆ ಮಾಡಿ ನೋಡಿ. ಇದಕ್ಕೆ ಬೇಕಾಗುವುದು ಹತ್ತೇ ನಿಮಿಷ. ಉಳಿಯುವುದು ಒಂದು ವರ್ಷದ ಫಸಲು.