ಗರ್ಭಿಣಿಯ ಬೆನ್ನೆಲುಬೂ ಕಾಗೆ ಕುಳಿತ ಕೊಂಬೆಯೂ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಂತಹ ಸಂದರ್ಭದಲ್ಲಿ ಧೈರ್ಯ ತುಂಬುವ ಯಾವ ಮಾತನ್ನಾದರೂ ಮನಸ್ಸು ಆತುರದಿಂದ ನಂಬುವುದು ಸಹಜ. ನಂಬಿಕೆಯು ಇಷ್ಟು ಸುಲಭವಾಗಿ ದೊರೆಯುವುದರಿಂದಲೇ ನಂಬಿಸುವವರ ಹೊಣೆ ಹೆಚ್ಚಿನದು. ಅಮೆರಿಕದಲ್ಲಿ ಹುಟ್ಟಿ, ಕೆನಡ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಹರಡಿ, ಈಚೆಗೆ ನಮ್ಮ ದೊಡ್ಡ ನಗರಗಳಲ್ಲಿಯೂ ಫಲಕಗಳನ್ನು ತೂಗಹಾಕತೊಡಗಿರುವ ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸಾಪದ್ಧತಿಯು ಗರ್ಭಿಣಿಯರಿಗೆ ನೀಡುವ ಭರವಸೆಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಅಗತ್ಯವೆಂದು ನಮಗೆ ತೋರುತ್ತದೆ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಬೆನ್ನೆಲುಬು ಭಾರ ಹೊರುವ ಒಂದು ಯಂತ್ರ. ಅದಕ್ಕೂ ಸನ್ನೆಯ ನಿಯಮವೇ ಅನ್ವಯಿಸುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಹೇಳಿಕೆಯೊಂದನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚುವುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ಕರ್ತವ್ಯ.

ಈ ಪದ್ಧತಿಯವರು ಗರ್ಭಿಣಿಯರ ವಿಷಯದಲ್ಲಿ ಮುಖ್ಯವಾಗಿ ಮೂರು ಮಾತುಗಳನ್ನು ಆಡುತ್ತಾರೆ. ಬೆನ್ನುನೋವು ಶಮನವಾಗುತ್ತದೆ ಎಂಬುದು ಮೊದಲನೆಯದು; ಹೆರಿಗೆ ಸುಲಭವೂ ಶೀಘ್ರವೂ ಆಗುತ್ತದೆ ಎಂಬುದು ಎರಡನೆಯದು; ಕಾಲುಮುಂದಾಗಿರುವ ಶಿಶು ತಲೆಕೆಳಗಾಗಿ ತಿರುಗುತ್ತದೆ ಎಂಬುದು ಮೂರನೆಯದು. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದರಿಂದಲೇ ಗೊಂದಲ ಹುಟ್ಟುತ್ತದೆ. ಗಂಟನ್ನು ಬಿಚ್ಚಿ ಒಂದೊಂದನ್ನೇ ನೋಡೋಣ.

ಮೊದಲು ಸ್ವಲ್ಪ ಇತಿಹಾಸ. 1895ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಡೇವನ್‌ಪೋರ್ಟ್ ನಗರದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ಕಾಂತಚಿಕಿತ್ಸಕನಾಗಿದ್ದನು. ಹಾರ್ವೆ ಲಿಲ್ಲಾರ್ಡ್ ಎಂಬ ಕಿವುಡ ಕೆಲಸಗಾರನ ಬೆನ್ನೆಲುಬಿನ ಒಂದು ಮಣಿಯನ್ನು ತಾನು ಒತ್ತಿ ಸರಿಪಡಿಸಿದಾಗ ಅವನಿಗೆ ಕಿವಿ ಕೇಳಿಸಿತೆಂದು ಪಾಮರನು ಸಾರಿದನು. ಅಲ್ಲಿಂದ ಅವನು ಬಹು ದೂರ ಜಿಗಿದನು. ನೂರಕ್ಕೆ 95 ರೋಗಗಳಿಗೆ ಸ್ಥಾನ ತಪ್ಪಿದ ಕಶೇರುಮಣಿಗಳೇ ಕಾರಣ, ಅವು ನರಗಳನ್ನು ಒತ್ತುವುದರಿಂದಲೇ ರೋಗ ಬರುತ್ತದೆ ಎಂಬುದು ಅವನ ಸಿದ್ಧಾಂತ. ಆದರೆ ಕಿವಿಯ ನರವು ಒಳಗಿವಿಯಿಂದ ಹೊರಟು ತಲೆಬುರುಡೆಯೊಳಗೇ ಸಾಗಿ ಮಿದುಳಿನ ಕಾಂಡವನ್ನು ಸೇರುತ್ತದೆ. ಬೆನ್ನೆಲುಬಿನ ಹಾದಿಯನ್ನು ಅದು ತುಳಿಯುವುದೇ ಇಲ್ಲ. ಕಟ್ಟಡದ ಮೊದಲನೆಯ ಕಲ್ಲೇ ಹೀಗೆ ಅಲುಗಾಡುತ್ತಿತ್ತು.

ಹೆಸರಿನ ಅರ್ಥ ‘ಕೈಯಿಂದ ಮಾಡುವ ಕೆಲಸ’ ಎಂದಷ್ಟೆ. ಹೆಸರಿನ ಬಗೆಗೆ ನಮಗೆ ತಕರಾರಿಲ್ಲ. ಕೈಗೆ ಹಚ್ಚಿದ ಸಿದ್ಧಾಂತದ ಬಗೆಗೆ ಇದೆ. ಬ್ರಿಟನ್ನಿನಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ಸಂಸ್ಥೆಯೇ 2010ರಲ್ಲಿ, ಮಣಿ ಸ್ಥಾನ ತಪ್ಪುವುದೇ ರೋಗಕ್ಕೆ ಕಾರಣವೆನ್ನಲು ಚಿಕಿತ್ಸಾ ಸಂಶೋಧನೆಯ ಆಧಾರವಿಲ್ಲವೆಂದೂ ಅದು ಚಾರಿತ್ರಿಕ ಕಲ್ಪನೆಯೆಂದೂ ಒಪ್ಪಿಕೊಂಡಿತು. ಅಮೆರಿಕದಲ್ಲಿ 1976ರಲ್ಲಿ ಹೂಡಲ್ಪಟ್ಟ ದಾವೆಯೊಂದರಲ್ಲಿ 1987ರಲ್ಲಿ ನ್ಯಾಯಾಲಯವು ಕೈರೋಪ್ರಾಕ್ಟರುಗಳ ಪರವಾಗಿ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ವಿರುದ್ಧವಾಗಿ ತೀರ್ಪು ಕೊಟ್ಟಿತೆಂಬುದು ನಿಜ. ಆದರೆ ಆ ತೀರ್ಪು ಒಂದು ವೃತ್ತಿಯವರು ಮತ್ತೊಂದು ವೃತ್ತಿಯವರಿಗೆ ಬಹಿಷ್ಕಾರ ಹಾಕಬಾರದೆಂಬ ವ್ಯಾಪಾರನ್ಯಾಯಕ್ಕೆ ಸಂಬಂಧಿಸಿದ್ದು. ಒಂದು ಸಿದ್ಧಾಂತ ಸತ್ಯವೋ ಅಲ್ಲವೋ ಎಂಬುದನ್ನು ಪ್ರಯೋಗವೇ ತೀರ್ಮಾನಿಸಬೇಕು.

ಈಗ ಬೆನ್ನುನೋವಿನ ವಿಷಯ. ಇದು ಕಲ್ಪನೆಯ ನೋವಲ್ಲ. ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಇದನ್ನು ಅನುಭವಿಸುತ್ತಾರೆ. ಕಾರಣವನ್ನು ಪ್ರೌಢಶಾಲೆಯ ಸನ್ನೆಯ ಪಾಠದಿಂದಲೇ ತಿಳಿಯಬಹುದು. ದಿನ ತುಂಬಿದಾಗ ಶಿಶು, ಮಾಸು, ಗರ್ಭಜಲ ಮತ್ತು ಬೆಳೆದ ಗರ್ಭಕೋಶ ಇವೆಲ್ಲ ಸೇರಿ ಸುಮಾರು 5 ಕಿಲೋಗ್ರಾಂ ಭಾರವೆನ್ನೋಣ. ಇದರ ಗುರುತ್ವಕೇಂದ್ರವು ಬೆನ್ನೆಲುಬಿನಿಂದ 15 ಸೆಂಟಿಮೀಟರ್ ಮುಂದಿದೆಯೆಂದೂ, ದೇಹ ಮುಂದಕ್ಕೆ ಬಾಗದಂತೆ ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳು ಬೆನ್ನೆಲುಬಿನಿಂದ 5 ಸೆಂಟಿಮೀಟರ್ ಹಿಂದಿವೆಯೆಂದೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಸಮತೋಲಕ್ಕೆ ಆ ಸ್ನಾಯುಗಳು 5ರ ಮೂರರಷ್ಟು, ಅಂದರೆ 15 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. ಆನಿಕೆಯ ಸ್ಥಾನದಲ್ಲಿರುವ ಕಶೇರುಮಣಿಯ ಮೇಲೆ ಭಾರವೂ ಎಳೆತವೂ ಕೂಡಿ 20 ಕಿಲೋಗ್ರಾಂ ತೂಕದಷ್ಟು ಹೆಚ್ಚುವರಿ ಒತ್ತಡ ಬೀಳುತ್ತದೆ. ಹೊತ್ತದ್ದು ಐದು, ಸೊಂಟ ತೆತ್ತದ್ದು ಇಪ್ಪತ್ತು! ಗರ್ಭಿಣಿಯು ಬೆನ್ನನ್ನು ಹಿಂದಕ್ಕೆ ಬಾಗಿಸಿ ನಡೆಯುವುದು ಈ ಲೆಕ್ಕವನ್ನು ತಗ್ಗಿಸಿಕೊಳ್ಳುವ ಉಪಾಯ.

ಪ್ರಕೃತಿಯೂ ಈ ಲೆಕ್ಕವನ್ನು ಮರೆತಿಲ್ಲ. 2007ರಲ್ಲಿ ವಿಟ್‌ಕಮ್, ಶಪೀರೊ ಮತ್ತು ಲೀಬರ್‌ಮನ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸೊಂಟದ ಒಳಬಾಗು ಗಂಡಸರಲ್ಲಿ ಎರಡು ಮಣಿಗಳ ಮೇಲೆ ಹರಡಿದ್ದರೆ ಹೆಂಗಸರಲ್ಲಿ ಮೂರು ಮಣಿಗಳ ಮೇಲೆ ಹರಡಿದೆ. ಬಸಿರಿನ ಭಾರವನ್ನು ಹೊತ್ತು ಎರಡು ಕಾಲಿನ ಮೇಲೆ ನಿಲ್ಲಬೇಕಾದ ಜೀವಿಗೆ ವಿಕಾಸವು ಒದಗಿಸಿದ ಅನುಕೂಲ ಇದು. ಆದುದರಿಂದ ಗರ್ಭಿಣಿಯ ಬೆನ್ನು ಬಾಗಿರುವುದು ‘ಸ್ಥಾನ ತಪ್ಪಿದ’ ದೋಷವಲ್ಲ. ಹೊರೆಗೆ ತಕ್ಕ ಹೊಂದಾಣಿಕೆ.

ಇಂತಹ ನೋವಿಗೆ ನೀವುವುದರಿಂದ, ಹದವಾಗಿ ಒತ್ತುವುದರಿಂದ ಕೆಲವರಿಗೆ ಹಾಯೆನಿಸಬಹುದು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಕ್ಕ ವ್ಯಾಯಾಮದಿಂದಲೂ ನೋವು ಕಡಿಮೆಯಾಗುವುದನ್ನು ಹೋಲಿಕೆಯ ಪ್ರಯೋಗಗಳು ತೋರಿಸಿವೆ. ನೋವು ಶಮನವಾದುದರಿಂದ ಪಾಮರನ ಸಿದ್ಧಾಂತ ಸಾಧಿತವಾಗುವುದಿಲ್ಲ. ಒತ್ತಿದಾಗ ಕೇಳುವ ‘ಲಟಕ್’ ಎಂಬ ಸದ್ದೂ ಮಣಿಯು ಸ್ವಸ್ಥಾನಕ್ಕೆ ಮರಳಿದ ಸದ್ದಲ್ಲ. ಬೆರಳ ನೆಟಿಗೆ ಮುರಿಯುವಾಗಿನಂತೆ, ಕೀಲಿನ ಎರಡು ಮೈಗಳು ಥಟ್ಟನೆ ಅಗಲಿದಾಗ ನಡುವಣ ದ್ರವದಲ್ಲಿ ಒತ್ತಡ ಕುಸಿದು ಅನಿಲದ ಪೊಳ್ಳು ಉಂಟಾಗುತ್ತದೆ. ಬೆರಳಿನ ಕೀಲಿನಲ್ಲಿ ಸದ್ದಾಗುವ ಕ್ಷಣದಲ್ಲಿಯೇ ಈ ಪೊಳ್ಳು ಮೂಡುವುದನ್ನು 2015ರಲ್ಲಿ ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದವರು ಎಂ.ಆರ್.ಐ. ಯಂತ್ರದಿಂದ ಚಿತ್ರಿಸಿ ತೋರಿಸಿದರು.

ಎರಡನೆಯ ಮಾತಿಗೆ ಬರೋಣ. ಮಣಿಗಳು ನರಗಳನ್ನು ಒತ್ತುವುದರಿಂದ ಗರ್ಭಕೋಶ ಸರಿಯಾಗಿ ಕೆಲಸ ಮಾಡದು, ಒತ್ತಡವನ್ನು ಬಿಡಿಸಿದರೆ ಹೆರಿಗೆ ಸರಾಗವಾದೀತು ಎಂಬ ವಾದವನ್ನು ಹೀಗೆ ಪರೀಕ್ಷಿಸಬಹುದು: ನರದ ಮೇಲಣ ಅಲ್ಪ ಒತ್ತಡವೇ ಹೆರಿಗೆಗೆ ಅಡ್ಡಿಯಾಗುವುದಾದರೆ, ಬೆನ್ನುಹುರಿಯೇ ತುಂಡಾದ ಹೆಂಗಸಿಗೆ ಹೆರಿಗೆಯೇ ಆಗಬಾರದು. ಆದರೆ ಅಪಘಾತದಿಂದ ಬೆನ್ನುಹುರಿ ಕಡಿದು ಕಾಲುಗಳ ಶಕ್ತಿಯನ್ನು ಕಳೆದುಕೊಂಡ ಹೆಂಗಸರೂ ಗರ್ಭ ಧರಿಸುತ್ತಾರೆ; ಅವರ ಗರ್ಭಕೋಶವೂ ಸಂಕೋಚಿಸುತ್ತದೆ; ಅವರಲ್ಲಿ ಅನೇಕರು ಸಹಜವಾಗಿ ಹೆರುತ್ತಾರೆ. ಏಕೆಂದರೆ ಗರ್ಭಕೋಶದ ಸಂಕೋಚನೆಯನ್ನು ಮುಖ್ಯವಾಗಿ ನಡೆಸುವುದು ಆಕ್ಸಿಟೋಸಿನ್, ಪ್ರೋಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕ ದೂತರು; ಅವು ನೆತ್ತರಿನಲ್ಲಿಯೂ ಗರ್ಭಕೋಶದಲ್ಲಿಯೂ ಕೆಲಸ ಮಾಡುವಂಥವು. ಈ ಒಂದು ಸಂಗತಿಯೇ ಆ ವಾದದ ಬೇರನ್ನು ಕೀಳಲು ಸಾಕು.

ಮೂರನೆಯ ಮಾತು ಎಲ್ಲಕ್ಕಿಂತ ಗಂಭೀರವಾದುದು. ಹೆರಿಗೆಯ ಹೊತ್ತಿಗೆ ಶಿಶುವಿನ ತಲೆ ಕೆಳಗಿರಬೇಕು; ನೂರಕ್ಕೆ 3-4 ಹೆರಿಗೆಗಳಲ್ಲಿ ಪೃಷ್ಠ ಅಥವಾ ಕಾಲು ಕೆಳಗಿರುತ್ತದೆ. ಇಂತಹ ಹೆರಿಗೆ ಅಪಾಯಕರ. ಇದಕ್ಕಾಗಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬೇಕಾದವರು ಬಹಳ. ಅಮೆರಿಕದ ಲ್ಯಾರಿ ವೆಬ್‌ಸ್ಟರ್ ಎಂಬ ಕೈರೋಪ್ರಾಕ್ಟರ್ 1980ರ ದಶಕದಲ್ಲಿ ಸೊಂಟದ ಹಿಂಬದಿಯ ತ್ರಿಕಾಸ್ಥಿಯನ್ನು ಒತ್ತಿ ಸರಿಪಡಿಸುವ ಒಂದು ವಿಧಾನವನ್ನು ಬಳಕೆಗೆ ತಂದನು. ಇದರಿಂದ ಶಿಶುವಿಗೆ ತಿರುಗಲು ಎಡೆ ದೊರೆಯುತ್ತದೆಯೆಂಬುದು ವಾದ. 2002ರಲ್ಲಿ ಈ ಪಂಥದ ಸಾವಿರಕ್ಕೂ ಹೆಚ್ಚು ಮಂದಿಗೆ ಪ್ರಶ್ನಾವಳಿ ಕಳುಹಿಸಿದ ಸಮೀಕ್ಷೆಯೊಂದು ಪ್ರಕಟವಾಯಿತು. ಉತ್ತರಿಸಿದವರು ಇನ್ನೂರಕ್ಕಿಂತ ಕಡಿಮೆ. ಅವರ ಉತ್ತರಗಳ ಆಧಾರದ ಮೇಲೆ ನೂರಕ್ಕೆ 82ರಷ್ಟು ಯಶಸ್ಸು ಎಂಬ ಅಂಕಿ ಹೊರಬಿದ್ದು, ಅದು ಜಾಹೀರಾತುಗಳಲ್ಲಿ ಮೆರೆಯಿತು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಏನೂ ಮಾಡದಿದ್ದರೆ ಎಷ್ಟು ಶಿಶುಗಳು ತಿರುಗುತ್ತಿದ್ದವು? 28ನೆಯ ವಾರದಲ್ಲಿ ನೂರು ಗರ್ಭಗಳಲ್ಲಿ 20ರಿಂದ 25ರಷ್ಟು ಶಿಶುಗಳ ತಲೆ ಮೇಲಿರುತ್ತದೆ. ದಿನ ತುಂಬುವ ಹೊತ್ತಿಗೆ ಹಾಗೆಯೇ ಉಳಿಯುವುದು 3-4 ಮಾತ್ರ. ಇಪ್ಪತ್ತೈದರಲ್ಲಿ ನಾಲ್ಕು ಉಳಿದವೆಂದರೆ ಇಪ್ಪತ್ತೊಂದು ತಿರುಗಿದವು, ನೂರಕ್ಕೆ 84! ಯಾರ ಕೈಯೂ ಸೋಕಲಿಲ್ಲ. ವೆಬ್‌ಸ್ಟರ್ ವಿಧಾನವನ್ನು ಸಾಮಾನ್ಯವಾಗಿ ಇನ್ನೂ ತಡವಾಗಿ, ಎಂಟನೆಯ ತಿಂಗಳಲ್ಲಿ, ಪ್ರಯೋಗಿಸುವುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸುವುದು ನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಆದರೆ 32ನೆಯ ವಾರದ ಅನಂತರವೂ ಇಂತಹ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ತಾವಾಗಿಯೇ ತಿರುಗುತ್ತವೆ. ಗರ್ಭಕೋಶದ ಆಕಾರವೇ ಇದಕ್ಕೆ ಅನುಕೂಲ: ಅದರ ಮೇಲ್ಭಾಗ ಅಗಲ, ಕೆಳಭಾಗ ಕಿರಿದು, ಕಾಲುಗಳನ್ನು ಮಡಿಸಿಕೊಂಡ ಶಿಶುವಿಗೆ ತಲೆ ಕೆಳಗಾಗಿರುವುದೇ ಹೆಚ್ಚು ಹೊಂದುತ್ತದೆ.

ಉಳಿದ ಅಂತರಕ್ಕೂ ಕಾರಣವನ್ನು ದೂರ ಹುಡುಕಬೇಕಾದುದಿಲ್ಲ. ಉತ್ತರಿಸದೆ ಸುಮ್ಮನಿದ್ದವರ ಅನುಭವ ಏನಾಗಿತ್ತು? ಗೆಲವು ನೆನಪಿನಲ್ಲಿ ಉಳಿಯುತ್ತದೆ, ಸೋಲು ಮರೆತುಹೋಗುತ್ತದೆ. ಲೋಲಕದ ಅವಧಿಯನ್ನು ಅಳೆಯುವ ವಿದ್ಯಾರ್ಥಿಯು ಪಠ್ಯಪುಸ್ತಕಕ್ಕೆ ಹೊಂದುವ ಅಳತೆಗಳನ್ನು ಮಾತ್ರ ಬರೆದು ಮಿಕ್ಕವನ್ನು ಹರಿದೆಸೆದರೆ ನಾವು ಅವನಿಗೆ ಅಂಕ ಕೊಡುತ್ತೇವೆಯೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ನಮ್ಮಲ್ಲಿದೆ. ಕೊಂಬೆಯನ್ನು ಮುರಿದದ್ದು ಕಾಗೆಯೇ ಎಂದು ಸಾಧಿಸಬೇಕಾದರೆ, ಅಂತಹದೇ ಕೊಂಬೆಗಳ ಎರಡು ಗುಂಪು ಮಾಡಿ, ಒಂದರ ಮೇಲೆ ಕಾಗೆಗಳನ್ನು ಕೂರಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಎಣಿಸಬೇಕು. ಗರ್ಭಿಣಿಯರ ವಿಷಯದಲ್ಲಿಯೂ ಅಷ್ಟೆ. ಒಂದೇ ವಾರದ ಬಸಿರಿನವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಯಾರಿಗೆ ಚಿಕಿತ್ಸೆಯಾಯಿತೆಂಬುದನ್ನು ಅರಿಯದವರಿಂದ ಫಲವನ್ನು ಎಣಿಸಿಸಬೇಕು. ಮೇಲಿನ ಸಮೀಕ್ಷೆಯಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ವೆಬ್‌ಸ್ಟರ್ ಸ್ಥಾಪಿಸಿದ ಸಂಸ್ಥೆಯೇ ಅನಂತರ, ಈ ವಿಧಾನವಿರುವುದು ಶಿಶುವನ್ನು ತಿರುಗಿಸಲಿಕ್ಕಲ್ಲ, ತಾಯಿಯ ಸೊಂಟದ ಸಮತೋಲಕ್ಕೆ ಎಂದು ವಿವರಣೆಯನ್ನು ಬದಲಿಸಿದೆ. ಆದರೂ ಹಳೆಯ ಅಂಕಿ ಜನರ ಬಾಯಲ್ಲಿ ಉಳಿದಿದೆ.

‘ಇದರಿಂದ ಹಾನಿಯಾದರೂ ಏನು?’ ಎಂದು ಕೇಳುವವರುಂಟು. ಕತ್ತನ್ನು ರಭಸದಿಂದ ತಿರುಗಿಸಿದ ಅನಂತರ ಮಿದುಳಿಗೆ ನೆತ್ತರು ಒಯ್ಯುವ ಧಮನಿ ಸೀಳಿದ ವಿರಳ ಪ್ರಸಂಗಗಳು ವರದಿಯಾಗಿವೆ. ಅನಂತರ ಆದುದರಿಂದಲೇ ಅದರಿಂದ ಆಯಿತೆನ್ನಲಾಗದೆಂಬ ನಮ್ಮ ನಿಯಮ ಇಲ್ಲಿಯೂ ಅನ್ವಯಿಸುವುದರಿಂದ ಅದನ್ನು ನಾವು ದೊಡ್ಡದು ಮಾಡುವುದಿಲ್ಲ. ಬಸಿರಿನಲ್ಲಿ ನಿಜವಾದ ನಷ್ಟ ಕಾಲದ ನಷ್ಟ. ಪ್ರಸೂತಿ ತಜ್ಞರು ಹೊಟ್ಟೆಯ ಮೇಲಿನಿಂದ ಕೈಗಳಿಂದಲೇ ಶಿಶುವನ್ನು ತಿರುಗಿಸುವ ಕ್ರಮವೊಂದಿದೆ. ಅದು ಹೋಲಿಕೆಯ ಪ್ರಯೋಗಗಳಲ್ಲಿ ತೇರ್ಗಡೆಯಾದುದು. ಸುಮಾರು ಅರ್ಧದಷ್ಟು ಸಲ ಫಲಿಸುತ್ತದೆ. ಅದನ್ನು 36-37ನೆಯ ವಾರದ ಸುಮಾರಿಗೆ, ಶಿಶುವಿನ ಎದೆಬಡಿತವನ್ನು ಗಮನಿಸುತ್ತ, ಬೇಕಾದರೆ ತಕ್ಷಣ ಶಸ್ತ್ರಕ್ರಿಯೆ ಮಾಡಬಲ್ಲ ಆಸ್ಪತ್ರೆಯಲ್ಲಿ ನಡೆಸುತ್ತಾರೆ. ನೂರಕ್ಕೆ 82ನ್ನು ನಂಬಿ ಕಾಯುತ್ತ ಕುಳಿತವಳಿಗೆ ಈ ಅವಕಾಶ ಕೈತಪ್ಪಬಹುದು. ಇನ್ನೂ ಒಂದು ಮಾತು: ಬಿಟ್ಟುಬಿಟ್ಟು ಬರುವ ಬೆನ್ನುನೋವು ಅಕಾಲ ಹೆರಿಗೆಯ ಆರಂಭವಾಗಿರಬಹುದು, ಜ್ವರದೊಡನೆ ಬರುವ ನೋವು ಮೂತ್ರಪಿಂಡದ ಸೋಂಕಾಗಿರಬಹುದು, ತೀವ್ರ ತಲೆನೋವು ರಕ್ತದೊತ್ತಡದ ಏರಿಕೆಯ ಸೂಚನೆಯಾಗಿರಬಹುದು. ಎಲ್ಲಕ್ಕೂ ಮಣಿಯೇ ಕಾರಣವೆಂದು ನಂಬಿದ ಕೈಗೆ ಇವು ತಿಳಿಯುವುದು ಹೇಗೆ?

ವೈದ್ಯರಿಗೂ ನಾವು ಒಂದು ಮಾತು ಹೇಳಬೇಕು. ಈ ಪದ್ಧತಿಯವರ ಬಳಿಗೆ ಹೋದ ಹೆಂಗಸಿಗೆ ಅಲ್ಲಿ ದೊರೆಯುವುದು ಸಮಯ, ಸ್ಪರ್ಶ, ಸಾವಧಾನವಾಗಿ ಕೇಳುವ ಕಿವಿ. ನೂಕುನುಗ್ಗಲಿನ ಆಸ್ಪತ್ರೆಯಲ್ಲಿ, ‘ಬಸಿರಿನಲ್ಲಿ ಬೆನ್ನು ನೋಯದೆ ಇರುತ್ತದೆಯೆ?’ ಎಂಬ ಒಂದೇ ಮಾತಿನಿಂದ ಅವಳನ್ನು ಸಾಗಹಾಕಿದರೆ, ಅವಳು ಬೇರೆ ಬಾಗಿಲು ತಟ್ಟುವುದು ಅವಳ ತಪ್ಪಲ್ಲ. ವಿಜ್ಞಾನವು ಸರಿಯಾದ ಉತ್ತರವನ್ನು ಪಡೆದಿದ್ದರೆ ಸಾಲದು. ಅದನ್ನು ಕರುಣೆಯಿಂದ ಹೇಳಲೂ ಕಲಿತಿರಬೇಕು.

ಇನ್ನು ನಮ್ಮ ವಿದ್ಯಾರ್ಥಿಮಿತ್ರರಿಗೆ. ನಾಳೆ ನಿಮ್ಮ ಅಕ್ಕನೋ ಅತ್ತಿಗೆಯೋ ಇಂತಹ ಜಾಹೀರಾತನ್ನು ತೋರಿಸಿ ಅಭಿಪ್ರಾಯ ಕೇಳಬಹುದು. ಆಗ ಹಾಸ್ಯ ಮಾಡಬೇಡಿರಿ. ಅಂಜಿಕೆಯಲ್ಲಿರುವವರನ್ನು ನಗೆಯಾಡುವುದು ವಿಜ್ಞಾನವಲ್ಲ. ಎರಡೇ ಪ್ರಶ್ನೆಗಳನ್ನು ಅವರೊಡನೆ ಕುಳಿತು ಕೇಳಿರಿ: ಏನೂ ಮಾಡದಿದ್ದರೆ ಏನಾಗುತ್ತಿತ್ತು? ಎಣಿಸಿದವರು ಸೋಲುಗಳನ್ನೂ ಎಣಿಸಿದರೆ? ಉತ್ತರ ದೊರೆಯದಿದ್ದರೆ ಅವರನ್ನು ಪ್ರಸೂತಿ ತಜ್ಞರ ಬಳಿಗೆ ಕರೆದೊಯ್ಯಿರಿ, ಬೆನ್ನುನೋವನ್ನೂ ಮರೆಯದೆ ಹೇಳಿಸಿರಿ.