ಬಡವರ ಸಿಟ್ಟು ಕದ್ದವರು

1971ರಲ್ಲಿ ಜೆರುಸಲೆಮ್‌ನಲ್ಲಿ ಎರಡು ಹುಟ್ಟು ಆದವು.

ಒಂದು ಮುಸ್ರಾರ ಅನ್ನೋ ಕೇರಿಯಲ್ಲಿ. ಮೊರಾಕೊ ಮೊದಲಾದ ಅರಬ್ ನಾಡುಗಳಿಂದ ಬಂದ ಬಡ ಯಹೂದಿಗಳ ಮಕ್ಕಳು. ಓದು ಅರ್ಧಕ್ಕೆ ಬಿಟ್ಟವರು, ಪೊಲೀಸರ ಲಾಠಿಯ ರುಚಿ ಕಂಡವರು. ಅಮೆರಿಕದ ಕರಿಯರಿಂದ ಹೆಸರು ಎರವಲು ಪಡೆದು 'ಬ್ಲ್ಯಾಕ್ ಪ್ಯಾಂಥರ್ಸ್' ಅಂತ ಸಂಘಟನೆ ಕಟ್ಟಿದರು. ಮರುವರ್ಷ ಮುಂಬಯಿಯಲ್ಲಿ ನಮ್ಮ ದಲಿತ ಪ್ಯಾಂಥರ್ ಹುಟ್ಟಿದ್ದೂ ಅದೇ ಹೆಸರಿನ ಬೆಂಕಿಯಿಂದ.

ಇನ್ನೊಂದು ಹುಟ್ಟು ಮೇಯರ್ ಕಹಾನೆ ಎಂಬ ರಬ್ಬಿಯ ಪಕ್ಷ. 1932ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈತ 1968ರಲ್ಲಿ ಅಲ್ಲೇ 'ಯಹೂದಿ ರಕ್ಷಣಾ ಲೀಗ್' ಅಂತ ಹೊಡೆದಾಟದ ಪಡೆ ಕಟ್ಟಿದ್ದ. 1971ರಲ್ಲಿ ಇಸ್ರೇಲಿಗೆ ಬಂದು ಇಳಿದ. ಬಂದವನೇ ಕಟ್ಟಿದ ಪಕ್ಷಕ್ಕೆ ಆಮೇಲೆ ನಿಂತ ಹೆಸರು 'ಕಾಖ್'. 'ಹೀಗೇ' ಅಂತ ಅದರ ಅರ್ಥ. ಹೀಗೇ ಅಂದರೆ ಹೇಗೆ? ಅರಬರನ್ನು ನಾಡಿನಿಂದ ಓಡಿಸಬೇಕು, ಉಳಿದದ್ದನ್ನು ಧರ್ಮಶಾಸ್ತ್ರ ನೋಡಿಕೊಳ್ಳುತ್ತೆ. ಅಷ್ಟೇ ಅದರ ಪ್ರಣಾಳಿಕೆ.

ಒಬ್ಬರು ಅನ್ನ ಕೇಳಿದರು, ಇನ್ನೊಬ್ಬ ಶತ್ರುವನ್ನು ತೋರಿಸಿದ. ಐವತ್ತು ವರ್ಷದ ಮೇಲೆ ಮಂತ್ರಿಗಿರಿ ಯಾರ ಸಂತಾನಕ್ಕೆ ಸಿಕ್ಕಿತು ಅನ್ನೋದು ಎಲ್ಲರಿಗೂ ಗೊತ್ತು. ಹೇಗೆ ಸಿಕ್ಕಿತು ಅನ್ನೋದೇ ನನ್ನ ಪ್ರಶ್ನೆ.

ಪ್ಯಾಂಥರ್ ಹುಡುಗರ ಕಥೆ ಮೊದಲು. ಯುರೋಪಿನಿಂದ ಬಂದ ಬಿಳಿ ಯಹೂದಿಗಳು, ಅಂದರೆ ಅಶ್ಕೆನಾಜಿಗಳು, ಆ ರಾಜ್ಯ ಕಟ್ಟಿದ ಯಜಮಾನರು. ಅರಬ್ ನಾಡುಗಳಿಂದ ಬಂದ ಮಿಜ್ರಾಹಿಗಳಿಗೆ ಗುಡಾರದ ಶಿಬಿರ, ಗಡಿಯಂಚಿನ ಬರಡು ಪಟ್ಟಣ, ಕೂಲಿ ಕೆಲಸ. 1972ರ ಮಾರ್ಚಿನಲ್ಲಿ ಒಂದು ದಿನ ಬೆಳಗಿನ ಜಾವ ಈ ಹುಡುಗರು ಶ್ರೀಮಂತರ ಬಡಾವಣೆಗೆ ನುಗ್ಗಿ ಬಾಗಿಲ ಮುಂದೆ ಇಟ್ಟಿದ್ದ ಹಾಲಿನ ಸೀಸೆಗಳನ್ನು ಎತ್ತಿಕೊಂಡು ಹೋಗಿ ಬಡವರ ಮಕ್ಕಳಿಗೆ ಹಂಚಿದರು. ಹಾಲಿನ ಜಾಗದಲ್ಲಿ ಒಂದು ಚೀಟಿ ಬಿಟ್ಟು ಬಂದರು. ಇಂಥವರನ್ನು ಪ್ರಧಾನಿ ಗೋಲ್ಡಾ ಮೇಯರ್ 'ಒಳ್ಳೇ ಹುಡುಗರಲ್ಲ' ಅಂತ ತಳ್ಳಿಹಾಕಿದಳು. ಆಕೆಯದು ಸಮಾಜವಾದಿ ಪಕ್ಷ, ನೆನಪಿರಲಿ. ಹಸಿದವನ ನಡತೆಗೆ ಸರ್ಟಿಫಿಕೇಟ್ ಕೊಡೋ ಸಮಾಜವಾದ!

ನಮ್ಮ ಕೊಂಕಣ ತೀರದಿಂದ ಹೋದ ಬೆನೆ ಇಸ್ರೇಲಿಗಳ ಪಾಡೂ ಇಲ್ಲೇ ಹೇಳಿಬಿಡಬೇಕು. ಗಾಣ ಆಡಿಸಿ ಬದುಕಿದವರು. ಶನಿವಾರ ಗಾಣ ಮುಟ್ಟದ ಕಾರಣ ಜನ ಅವರನ್ನು 'ಶನಿವಾರ ತೇಲಿ' ಅಂತ ಕರೀತಿದ್ದರು. ದೇವರು ಕೊಟ್ಟ ನಾಡು ಅಂತ ಅಲ್ಲಿಗೆ ಹೋದರೆ, ಇವರ ರಕ್ತ ಶುದ್ಧವೋ ಅಲ್ಲವೋ ಅಂತ 1960ರ ದಶಕದ ಶುರುವಿನಲ್ಲಿ ರಬ್ಬಿಗಳು ತಕರಾರು ತೆಗೆದರು. ಮದುವೆಗೆ ಮೊದಲು ಅಜ್ಜಿ ಮುತ್ತಜ್ಜಿಯರ ವಂಶ ತನಿಖೆ! 1964ರಲ್ಲಿ ಈ ಜನ ಜೆರುಸಲೆಮ್‌ನಲ್ಲಿ ಧರಣಿ ಕೂತ ಮೇಲೆ ರಬ್ಬಿಗಳು ಬಗ್ಗಿದರು. ಪುರೋಹಿತಶಾಹಿ ಯಾವ ಭಾಷೆಯಲ್ಲಿ ಮಂತ್ರ ಹೇಳಿದರೂ ಮೊದಲು ಕೈ ಹಾಕೋದು ಮದುವೆಗೇ.

ಕಹಾನೆ ಮಾಡಿದ್ದೂ ಅದನ್ನೇ. 1973, 1977, 1981 ಮೂರು ಚುನಾವಣೆಯಲ್ಲೂ ಸೋತ. 1984ರಲ್ಲಿ ಗೆದ್ದ. ಬಿದ್ದ ಮತ 25,907. 120 ಸೀಟಿನ ಸಂಸತ್ತಿನಲ್ಲಿ ಒಂದೇ ಒಂದು ಸೀಟು. ಹಣದುಬ್ಬರ ಆ ವರ್ಷ ಶೇಕಡ 400 ದಾಟಿತ್ತು. ಮತ ಬಂದದ್ದೆಲ್ಲಿಂದ? ಹೆಚ್ಚಾಗಿ ಅದೇ ಗಡಿಯಂಚಿನ ಪಟ್ಟಣಗಳಿಂದ, ಅದೇ ಬಡ ಕೇರಿಗಳಿಂದ, ಸೈನ್ಯದ ಹುಡುಗರಿಂದ. 'ನಿನ್ನ ಕೆಲಸ ಕಿತ್ತುಕೊಂಡವನು ಅರಬ, ನಿನ್ನ ಹುಡುಗಿಯ ಮೇಲೆ ಕಣ್ಣು ಹಾಕಿದವನೂ ಅವನೇ' ಅನ್ನೋದು ಈತನ ಮಾತಿನ ಧಾಟಿ. ಗಿರಣಿ ಮಾಲೀಕನ ಹೆಸರು ಆ ಬಾಯಲ್ಲಿ ಬರಲಿಲ್ಲ.

ಸಂಸತ್ತಿಗೆ ಈತ ತಯಾರಿಸಿದ ಮಸೂದೆಗಳನ್ನು ನೋಡಿ. ಯಹೂದಿಗೂ ಯಹೂದಿಯಲ್ಲದವರಿಗೂ ಮದುವೆ, ಕೂಡಿಕೆ ನಿಷೇಧ. ಯಹೂದಿಯಲ್ಲದವರಿಗೆ ಪೌರತ್ವ ಇಲ್ಲ. ಸಮುದ್ರದ ದಂಡೆಯಲ್ಲಿ ಸ್ನಾನಕ್ಕೂ ಬೇರೆ ಬೇರೆ ಜಾಗ. ಇದರ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಲಪಂಥದ ಲಿಕುಡ್ ಪಕ್ಷದವನೇ ಆದ ಮೈಕೆಲ್ ಐತಾನ್, ಹಿಟ್ಲರನ 1935ರ ನ್ಯೂರೆಂಬರ್ಗ್ ಕಾನೂನುಗಳನ್ನೂ ಈ ಮಸೂದೆಗಳನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದ. ಕಹಾನೆ ಮಾತಿಗೆ ಎದ್ದರೆ ಸದಸ್ಯರು ಎದ್ದು ಹೊರಗೆ ನಡೀತಿದ್ದರು. ಲಿಕುಡ್‌ನ ಯಿತ್ಸಾಕ್ ಶಮೀರ್ ಕೂಡ.

1984ರ ಆಗಸ್ಟ್‌ನಲ್ಲಿ ಉಮ್ ಅಲ್ ಫಹಮ್ ಎಂಬ ಅರಬ್ ಊರಿಗೆ, ಜನರನ್ನು 'ವಲಸೆ ಹೋಗಿ' ಅಂತ ಒಪ್ಪಿಸಲು ಈತ ಹೊರಟ. ಊರಿಗೂರೇ ದಾರಿಗೆ ಅಡ್ಡ ನಿಂತಿತು. ಬೆಂಬಲಕ್ಕೆ ಯಹೂದಿಗಳೂ ಬಂದು ಜೊತೆಗೆ ನಿಂತರು. ಕಹಾನೆ ಊರೊಳಗೆ ಕಾಲಿಡಲಾಗಲಿಲ್ಲ. ಯಹೂದಿಗಳು ಅಂದರೆ ಎಲ್ಲರೂ ಹೀಗೇ ಅಂತ ಚಹಾದಂಗಡಿಯಲ್ಲಿ ಕೂತು ತೀರ್ಪು ಕೊಡೋ ನಮ್ಮ ಗೆಳೆಯರು ಈ ದಿನವನ್ನು ನೆನಪಲ್ಲಿ ಇಟ್ಟುಕೊಳ್ಳಲಿ.

1985ರಲ್ಲಿ ಸಂಸತ್ತು ಕಾನೂನು ತಿದ್ದಿ ಜನಾಂಗದ್ವೇಷ ಹಚ್ಚುವ ಪಕ್ಷಗಳು ಚುನಾವಣೆಗೆ ನಿಲ್ಲದಂತೆ ಮಾಡಿತು. 1988ರಲ್ಲಿ ಕಾಖ್‌ಗೆ ತಡೆ ಬಿತ್ತು. ಚಪ್ಪಾಳೆ ತಟ್ಟುವ ಮೊದಲು ಅದೇ ಕಲಮಿನ ಇನ್ನೊಂದು ಸಾಲನ್ನೂ ಓದಿ: ಇಸ್ರೇಲ್ ಯಹೂದಿ ಜನರ ರಾಜ್ಯ ಅನ್ನೋದನ್ನು ನಿರಾಕರಿಸುವ ಪಕ್ಷವೂ ನಿಲ್ಲುವಂತಿಲ್ಲ. ಒಂದು ಕೈಯಲ್ಲಿ ಕಹಾನೆಯನ್ನು ಹೊರಗೆ ಹಾಕಿ ಇನ್ನೊಂದು ಕೈಯಲ್ಲಿ ಅರಬ್ ಪೌರರಿಗೆ ಷರತ್ತು ಹಾಕಿದರು. ಆ ರಾಜ್ಯ ತನ್ನ ಅರಬ್ ಪೌರರನ್ನು 1966ರವರೆಗೆ ಮಿಲಿಟರಿ ಆಡಳಿತದಲ್ಲಿ ಇಟ್ಟಿತ್ತು. ಸಭ್ಯರು ಪಿಸುಗುಟ್ಟಿ ಮಾಡಿದ್ದನ್ನು ಕಹಾನೆ ಮೈಕಿನಲ್ಲಿ ಕೂಗಿದ. ಅವರಿಗೆ ಮುಜುಗರ ಆದದ್ದು ಎಷ್ಟೋ ಸಲ ಕೂಗಿಗೇ ಅಂತ ನನ್ನ ಅನುಮಾನ.

1990ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲಿನಲ್ಲಿ ಕಹಾನೆಯನ್ನು ಗುಂಡಿಟ್ಟು ಕೊಂದರು. ವಿಚಾರ ಸಾಯಲಿಲ್ಲ. ಈತನ ಶಿಷ್ಯ, ಬ್ರೂಕ್ಲಿನ್‌ನವನೇ ಆದ ಡಾಕ್ಟರ್ ಬರೂಖ್ ಗೋಲ್ಡ್‌ಸ್ಟೀನ್, 1994ರ ಫೆಬ್ರವರಿ 25ರಂದು ಹೆಬ್ರಾನ್‌ನ ಇಬ್ರಾಹಿಮಿ ಮಸೀದಿಗೆ ಸೈನಿಕನ ಸಮವಸ್ತ್ರದಲ್ಲಿ ನುಗ್ಗಿದ. ರಂಜಾನ್ ತಿಂಗಳು. ನಮಾಜಿಗೆ ಬಗ್ಗಿದ್ದ ಬೆನ್ನುಗಳ ಮೇಲೆ ಗುಂಡು ಹಾರಿಸಿ 29 ಜನರನ್ನು ಕೊಂದ. ಡಾಕ್ಟರು! ಮುಂದಿನ ತಿಂಗಳು ಸರ್ಕಾರ ಕಾಖ್ ಸಂಘಟನೆಯನ್ನೇ ನಿಷೇಧಿಸಿತು. ಕೊಂದವನ ಗೋರಿ ಮಾತ್ರ ಯಾತ್ರಾಸ್ಥಳ ಆಯಿತು. ಸುತ್ತ ಕಟ್ಟಿದ್ದನ್ನು ಕೆಡವಲು 1999ರವರೆಗೆ ಕಾಯಬೇಕಾಯಿತು.

ಈಗ ಇತಮಾರ್ ಬೆನ್ ಗ್ವಿರ್‌ಗೆ ಬರೋಣ. ಹುಟ್ಟಿದ್ದು 1976, ಇರಾಕಿ ಮತ್ತು ಕುರ್ದಿ ಯಹೂದಿ ಮೂಲದ ಮನೆ. ಅಂದರೆ ಬ್ಲ್ಯಾಕ್ ಪ್ಯಾಂಥರ್ಸ್ ಯಾರ ಪರ ಕೂಗಿದರೋ ಆ ಜನರ ಮಗ. ಹುಡುಗನಾಗಿದ್ದಾಗಲೇ ಕಾಖ್ ಸೇರಿದ. 1995ರಲ್ಲಿ ಪ್ರಧಾನಿ ರಬಿನ್‌ನ ಕಾರಿನ ಲಾಂಛನ ಕಿತ್ತು ಟಿವಿ ಮುಂದೆ ಹಿಡಿದು, ಕಾರಿನ ತನಕ ಬಂದವರು ಆತನ ತನಕವೂ ಬರುತ್ತೇವೆ ಅನ್ನೋ ಅರ್ಥದಲ್ಲಿ ಮಾತಾಡಿದ. ಕೆಲವೇ ವಾರದಲ್ಲಿ ರಬಿನ್ ಕೊಲೆಯಾಯಿತು. ಕೊಂದವನು ಬೇರೆಯವನು, ಗಾಳಿ ಒಂದೇ. 2007ರಲ್ಲಿ ಜನಾಂಗದ್ವೇಷ ಹಚ್ಚಿದ್ದಕ್ಕೆ, ಭಯೋತ್ಪಾದಕ ಸಂಘಟನೆಗೆ ಬೆಂಬಲ ಕೊಟ್ಟಿದ್ದಕ್ಕೆ ಬೆನ್ ಗ್ವಿರ್‌ಗೆ ಶಿಕ್ಷೆಯಾಯಿತು. ಆಮೇಲೆ ಈತ ವಕೀಲನೂ ಆದ. ಮನೆಯ ಹಾಲ್‌ನಲ್ಲಿ ಗೋಲ್ಡ್‌ಸ್ಟೀನ್‌ನ ಫೋಟೋ ವರ್ಷಗಟ್ಟಲೆ ತೂಗಿತ್ತು.

ಕಾಖ್‌ನ ಉಳಿದವರು ಕಟ್ಟಿದ 'ಓತ್ಸ್ಮಾ ಯೆಹೂದಿತ್' ತನ್ನ ಬಲದ ಮೇಲೆ ಗೆದ್ದು ಬಂದದ್ದಲ್ಲ. 2014ರಲ್ಲಿ ಸಂಸತ್ತು ಪ್ರವೇಶಕ್ಕೆ ಬೇಕಾದ ಮತ ಶೇಕಡ 3.25ಕ್ಕೆ ಏರಿತು. 2019ರ ಸೆಪ್ಟೆಂಬರ್‌ನಲ್ಲಿ ಇವರಿಗೆ ಬಿದ್ದದ್ದು ಶೇಕಡ 2 ಕೂಡ ಇಲ್ಲ. 2020ರಲ್ಲಿ ಅರ್ಧ ಪರ್ಸೆಂಟೂ ಇಲ್ಲ. ಸತ್ತೇ ಹೋದ ಪಕ್ಷ. ಅದರ ಬಾಯಿಗೆ ನೀರು ಬಿಟ್ಟವನು ಬೆಂಜಮಿನ್ ನೆತನ್ಯಾಹು. ಬಲಪಂಥದ ಒಂದು ಮತವೂ ಹಾಳಾಗಬಾರದು ಅಂತ 2019ರಲ್ಲೂ, ಮತ್ತೆ 2021ರಲ್ಲೂ ಚಿಲ್ಲರೆ ಪಕ್ಷಗಳನ್ನು ಒಂದೇ ಪಟ್ಟಿಗೆ ಗಂಟು ಹಾಕಿಸಿದ. 2021ರಲ್ಲಿ ಬೆನ್ ಗ್ವಿರ್ ಸಂಸತ್ತಿಗೆ ಹೋದ. 2022ರ ನವೆಂಬರ್‌ನಲ್ಲಿ ಸ್ಮೋತ್ರಿಚ್‌ನ ಪಕ್ಷದ ಜೊತೆ ನಿಂತ ಪಟ್ಟಿಗೆ 14 ಸೀಟು. ಡಿಸೆಂಬರ್ ಕೊನೆಗೆ ರಾಷ್ಟ್ರೀಯ ಭದ್ರತೆಯ ಮಂತ್ರಿ! ಯಾರ ಪಕ್ಷದವರು ಕಹಾನೆ ಎದ್ದರೆ ಹೊರಗೆ ನಡೆದಿದ್ದರೋ ಅದೇ ಲಿಕುಡ್ ಈತನಿಗೆ ಕುರ್ಚಿ ಎಳೆದು ಕೂರಿಸಿತು. ಹಾಗಾಗಿ, ಗೆಳೆಯರೆ, 'ಅದೊಂದು ಸಣ್ಣ ಪಕ್ಷ, ಹುಚ್ಚರು' ಅನ್ನೋ ಮಾತನ್ನು ನಾನು ನಂಬೋದಿಲ್ಲ. ಹುಚ್ಚರಿಗೆ ಬಾಡಿಗೆ ಕೊಡೋರು ಯಾವಾಗಲೂ ಬುದ್ಧಿವಂತರೇ.

ಪೊಲೀಸು, ಜೈಲು ಎರಡೂ ಈತನ ಕೈಗೆ ಬಂದವು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ಕೊಲೆಗಳ ನಂತರ ನಿಯಮ ಸಡಿಲಿಸಿ ಒಂದು ಲಕ್ಷಕ್ಕೂ ಹೆಚ್ಚು ಬಂದೂಕು ಪರವಾನಗಿ ಹಂಚಿಸಿದ. 2025ರ ಜೂನ್‌ನಲ್ಲಿ ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ನಾರ್ವೆ ಈತನ ಮೇಲೆ ನಿರ್ಬಂಧ ಹಾಕಿದವು. ಕುರ್ಚಿ ಅಲುಗಲಿಲ್ಲ. ಗಡಿಯಂಚಿನ ಪಟ್ಟಣದ ಬಡವನಿಗೆ ಇದರಿಂದ ಮನೆ ಸಿಕ್ಕಿತೇ, ಕೂಲಿ ಹೆಚ್ಚಿತೇ ಅಂತ ಕೇಳಿ ನೋಡಿ. ಸಿಕ್ಕಿದ್ದು ಬಂದೂಕಿನ ಲೈಸೆನ್ಸು.

ಇನ್ನು ಜೈಲಿನ ಊಟ. ಪ್ಯಾಲೆಸ್ಟೀನ್ ಕೈದಿಗಳ ಅನ್ನ ಕಡಿತ ಮಾಡಿದ್ದನ್ನು ಈ ಮಂತ್ರಿ ಸಾಧನೆಯಂತೆ ಹೇಳಿಕೊಂಡ. 2025ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ, ಕೈದಿಗಳಿಗೆ ಸಾಕಷ್ಟು ಆಹಾರ ಕೊಡುತ್ತಿಲ್ಲ, ಬದುಕಲು ಬೇಕಾದಷ್ಟು ಕೊಡಿ ಅಂತ ಸರ್ಕಾರಕ್ಕೆ ಆದೇಶ ಮಾಡಬೇಕಾಯಿತು. ತೀರ್ಪು ಬಂದ ಕೂಡಲೇ ಮಂತ್ರಿ ಬೈದದ್ದು ನ್ಯಾಯಾಧೀಶರನ್ನು. ಹಾಲು ಕದ್ದು ಹಂಚಿದ ಮುಸ್ರಾರದ ಹುಡುಗರು 'ಒಳ್ಳೆಯವರಲ್ಲ' ಅನ್ನಿಸಿಕೊಂಡದ್ದೂ ಇದೇ ಜೆರುಸಲೆಮ್‌ನಲ್ಲಿ.