ಹಿಡಿ ಒಡೆದ ಪಿಸ್ತೂಲು

ಗುಬ್ಬಿಯ ತೋಟದ ಯಜಮಾನರೊಬ್ಬರಲ್ಲಿ ತಂದೆಯ ಕಾಲದ ಪುಟ್ಟ ಪಿಸ್ತೂಲೊಂದಿದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಸ್ಕಾಟ್ ಕಂಪನಿಯ ಪಾಯಿಂಟ್ 32. ಉಕ್ಕು ಇನ್ನೂ ಹೊಳೆಯುತ್ತದೆ. ಹಿಡಿಯ ಪಕ್ಕೆಗಳು ಮಾತ್ರ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು. ವಯಸ್ಸಾದಂತೆ ಅದು ಹಪ್ಪಳದಂತೆ ಪೆಡಸಾಗುತ್ತದೆ. ಬಲಪಕ್ಕೆ ಸೀಳಿತು. ತಯಾರಿಕೆಯೇ ನಿಂತು ದಶಕಗಳಾದ ಮೇಲೆ ಹೊಸದೆಲ್ಲಿಂದ ಬರಬೇಕು?

ಒಡೆದ ತುಂಡನ್ನಷ್ಟೇ ಕುಣಿಗಲಿನ ಪರಿಚಯದ ಬಡಗಿಗೆ ತೋರಿಸಿದರು. ಅವನು ಬೀಟೆಯ ಚೂರನ್ನು ಕೈಗೆತ್ತಿಕೊಂಡು, “ಸ್ವಾಮಿ, ಇದು ಕುಡುಗೋಲಿನ ಹಿಡಿಯಲ್ಲ” ಎಂದು ಕೆಳಗಿಟ್ಟನು. ಅಳುಕು ಅಕಾರಣವಲ್ಲ, 1959ರ ಶಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ದುರಸ್ತಿಗೂ ಲೈಸೆನ್ಸು ಬೇಕು.

ತುಮಕೂರಿನಲ್ಲಿ ವಿಚಾರಿಸಿ, ಲೈಸೆನ್ಸುಳ್ಳವರೊಬ್ಬರನ್ನು ಹಿಡಿದದ್ದಾಯಿತು. “ಎರಡು ಪಕ್ಕೆಗಳನ್ನೂ ಕೊಡಿ, ಜೋಡಿಯನ್ನೇ ಹೊಸದು ಮಾಡೋಣ” ಎಂದರು ಅವರು.

ಎಡಪಕ್ಕೆಯಲ್ಲಿ ತಂದೆಯ ಹೆಬ್ಬೆರಳು ಸವೆಸಿದ ಗುಳಿಯಿದೆ. ಯಜಮಾನರು ಬಲದ್ದೊಂದನ್ನೇ ಮೇಜಿನ ಮೇಲಿಟ್ಟರು.